ಜೊಂಡು ಕೊಯ್ದಷ್ಟೂ ಚಿಗುರುತ್ತಿದೆ: ಎಲ್ಲಿಗೆ, ಯಾವಾಗ ಕೊಯ್ಯಬೇಕು?

ಕೆರೆಬಯಲು:
ನಮಸ್ಕಾರ. ನಮ್ಮೂರ ಕೆರೆ ಸುಮಾರು 14 ಎಕರೆ. ತೂಬಿನ ಹತ್ತಿರ ಮತ್ತು ಹಳ್ಳ ಬಂದು ಸೇರುವ ಕಡೆ ಆಳೆತ್ತರದ ಜೊಂಡು ತುಂಬಿಕೊಂಡಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಜೆಸಿಬಿಯಿಂದ ಕೀಳಿಸಿದ್ದಾಯಿತು. ಮಳೆ ಬಿದ್ದು ಮೂರು ತಿಂಗಳಿಗೆ ಮೊದಲಿಗಿಂತ ದಟ್ಟವಾಗಿದೆ. ಕೆಲವರು ಆಪು ಅಂತಾರೆ, ಕೆಲವರು ಚಾಪೆ ಹುಲ್ಲು ಅಂತಾರೆ. ಗುರುತಿಸುವುದು ಹೇಗೆ? ಹೇಗೆ ಕೊಯ್ದರೆ ಮತ್ತೆ ಬರುವುದಿಲ್ಲ? ದನ ಕುಡಿಯುವ ನೀರು, ಔಷಧಿ ಹೊಡೆಯುವ ಮಾತೇ ಇಲ್ಲ. ಜಂಬುಕೋಳಿ ಗೂಡು ಕಟ್ಟುತ್ತವೆ, ಹಾಗಾಗಿ ಪೂರ್ತಿ ಬಯಲು ಮಾಡುವುದೂ ಬೇಡ.

ಸಸ್ಯಮಿತ್ರ:
ಹೆಸರು ಊರಿಂದೂರಿಗೆ ಬದಲಾಗುತ್ತದೆ, ಅದನ್ನು ನಂಬಬೇಡಿ. ಒಂದು ಗಿಡವನ್ನು ಬುಡದ ಹತ್ತಿರ ಅಡ್ಡ ಕೊಯ್ದು ನೋಡಿ.

ಕಾಂಡ ಮೂರು ಮೂಲೆಯದಾಗಿ ಒಳಗೆ ಗಟ್ಟಿ ತಿರುಳಿದ್ದರೆ ಅದು ಜೇಕಿನ ಬಳಗ, ಸೈಪರಸ್. ಚಾಪೆ ಹುಲ್ಲು ಇದೇ ಗುಂಪಿನದು. ಕಾಂಡ ದುಂಡಗಿದ್ದು, ಹೂಗೊಂಚಲು ತುದಿಯಲ್ಲಿ ಬರದೆ ಪಕ್ಕದಿಂದ ಒಡೆದು ಬಂದಂತೆ ಕಂಡರೆ ಶೀನೋಪ್ಲೆಕ್ಟಸ್ ಕಡೆಯದು. ಬಿದಿರಿನ ಹಾಗೆ ಗೆಣ್ಣು, ಟೊಳ್ಳು ಕೋಲು, ತುದಿಯಲ್ಲಿ ಗರಿಯಂಥ ತೆನೆ ಇದ್ದರೆ ಫ್ರಾಗ್ಮೈಟಿಸ್.

ಬುಡದಲ್ಲಿ ಎಲೆಗಳು ಒಂದರೊಳಗೊಂದು ಸುತ್ತಿಕೊಂಡು, ಬಿಡಿಸಿದರೆ ಬೆರಳಿಗೆ ಲೋಳೆ ಅಂಟಿ, ಎಲೆ ಕೊಯ್ದ ಜಾಗದಲ್ಲಿ ಜೇನುಹಟ್ಟಿಯ ಹಾಗೆ ಗಾಳಿಯ ಕೋಣೆಗಳು ಕಂಡರೆ ಅದು ಟೈಫಾ. ಕಂದು ಬಣ್ಣದ ಕೊಳವೆಯಂಥ ತೆನೆ ಬಂದ ಮೇಲಂತೂ ಅನುಮಾನವೇ ಇರುವುದಿಲ್ಲ. ಮೇಲಿನ ತೆಳು ಭಾಗ ಗಂಡು, ಕೆಳಗಿನ ದಪ್ಪ ಭಾಗ ಹೆಣ್ಣು. ನಮ್ಮ ಬಯಲುಸೀಮೆಯ ಕೆರೆಗಳಲ್ಲಿ ಸಾಮಾನ್ಯವಾಗಿ ಸಿಗುವುದು ಟೈಫಾ ಡೊಮಿಂಜೆನ್ಸಿಸ್. ಅದರಲ್ಲಿ ಗಂಡು ಹೆಣ್ಣು ತೆನೆಗಳ ನಡುವೆ ಒಂದಿಷ್ಟು ಬರಿ ಕಡ್ಡಿ ಉಳಿದಿರುತ್ತದೆ. ನೀವು ಹೇಳಿದ ಎತ್ತರ, ಜಾಗ ನೋಡಿದರೆ ನಿಮ್ಮದೂ ಟೈಫಾ ಅನಿಸುತ್ತದೆ. ತೆನೆಯ ಒಂದು ಫೋಟೊ ಹಾಕಿ.

ತೂಬುಗಾರ:
ಟೈಫಾ ಎಂದಿಟ್ಟುಕೊಂಡೇ ಹೇಳುತ್ತೇನೆ. ಇದರ ಜೀವ ಇರುವುದು ಕೆಸರಿನೊಳಗೆ ಅಡ್ಡ ಹರಿಯುವ ಗೆಡ್ಡೆಯಲ್ಲಿ. ಕೆಸರಲ್ಲಿ ಆಮ್ಲಜನಕ ಇಲ್ಲ, ಗೆಡ್ಡೆ ಉಸಿರಾಡುವುದು ಎಲೆಯ ಆ ಗಾಳಿಕೋಣೆಗಳ ಮೂಲಕ. ಒಣಗಿ ನಿಂತ ಹಳೇ ಕಡ್ಡಿಯೂ ಕೊಳವೆಯಾಗಿ ಗಾಳಿ ಇಳಿಸುತ್ತದೆ. ಹಾಗಾಗಿ ನೀರಿನ ಮೇಲೆ ಒಂದು ಗೇಣು ಬಿಟ್ಟು ಕೊಯ್ದರೆ ಗಿಡಕ್ಕೆ ಏನೂ ಆಗುವುದಿಲ್ಲ. ನೀರಿನ ಕೆಳಗೆ ಕೊಯ್ಯಬೇಕು.

ಮಾಡುವ ಕ್ರಮ ಹೀಗೆ. ಎರಡರಿಂದ ಮೂರು ಅಡಿ ನೀರು ನಿಂತಿರುವಾಗ ಇಳಿಯಿರಿ. ಬಾಗಿದ ಕುಡುಗೋಲನ್ನು ಬಿದಿರ ಕೋಲಿಗೆ ಬಿಗಿದು, ಸಾಧ್ಯವಾದಷ್ಟು ಬುಡಕ್ಕೆ, ಮೋಟು ನೀರಿನೊಳಗೆ ಒಂದಡಿಗಿಂತ ಆಳದಲ್ಲಿ ಉಳಿಯುವಂತೆ ಕೊಯ್ಯಿರಿ. ಹಸಿರು, ಒಣಗಿದ್ದು ಎರಡನ್ನೂ. ಅಲ್ಲೊಂದು ಇಲ್ಲೊಂದು ಬಿಟ್ಟರೆ ಅದೇ ಗೆಡ್ಡೆಗೆ ಅಂಟಿಕೊಂಡ ಉಳಿದ ಬುಡಗಳಿಗೂ ಅಲ್ಲಿಂದ ಉಸಿರು ಸಿಗುತ್ತದೆ. 20 ದಿನ ಬಿಟ್ಟು ಮತ್ತೆ ನೋಡಿ. ನೀರಿನ ಮಟ್ಟಕ್ಕೆ ಬಂದ ಎಳೆ ಚಿಗುರನ್ನೆಲ್ಲ ಮೇಲೇಳುವ ಮೊದಲೇ ಕೊಯ್ಯಿರಿ. ಈ ಎರಡನೇ ಕೊಯ್ಲನ್ನು ಬಿಟ್ಟವರೇ ಹೆಚ್ಚು, ಸೋಲುವುದೂ ಅಲ್ಲೇ.

ಕಾಲ: ತೆನೆ ತಟ್ಟಿದಾಗ ಹಳದಿ ಪುಡಿ ಉದುರುವ ಹೊತ್ತು. ಎಲೆ, ತೆನೆ ಎಬ್ಬಿಸಲು ಗೆಡ್ಡೆಯ ಪಿಷ್ಟ ಖರ್ಚಾಗಿ ಆಗ ಅದು ಬಡವಾಗಿರುತ್ತದೆ. ತೆನೆ ಬಲಿತ ಮೇಲೆ ಎಲೆಗಳು ಮತ್ತೆ ಗೆಡ್ಡೆಗೆ ತುಂಬಿಸುತ್ತಾ ಹೋಗುತ್ತವೆ.

ಕೆರೆಬಯಲು:
ಫೋಟೊ ಹಾಕಿದ್ದೇನೆ, ಎರಡು ತೆನೆ ನಡುವೆ ಸುಮಾರು ಎರಡು ಬೆರಳಗಲ ಬರಿ ಕಡ್ಡಿ ಇದೆ. ಒಂದು ಸಂಶಯ. ನಮ್ಮ ಕೆರೆ ತುಂಬುವುದು ಅಕ್ಟೋಬರಿನಲ್ಲಿ, ಫೆಬ್ರವರಿಗೆ ಅಂಚೆಲ್ಲ ಒಣಗುತ್ತದೆ. ನೀರು ಇಳಿದು ಮೋಟು ಹೊರಗೆ ಬಂದರೆ? ಒಣಗಿದಾಗ ಸುಟ್ಟರೆ ಆಗದೇ?

ತೂಬುಗಾರ:
ಹೊರಗೆ ಬಂದರೆ ಮಾಡಿದ ಕೆಲಸ ವ್ಯರ್ಥ. ಮೋಟು ಕನಿಷ್ಠ ಆರೆಂಟು ವಾರ ಮುಳುಗಿರಬೇಕು. ಆದ್ದರಿಂದ ಕೆರೆ ತುಂಬುತ್ತಿರುವಾಗಲೇ ಕೊಯ್ಯಿರಿ, ಏರುವ ನೀರೇ ಮೋಟನ್ನು ಮುಚ್ಚುತ್ತದೆ. ಹೂವಿನ ಹೊತ್ತು ಮತ್ತು ತುಂಬುವ ಹೊತ್ತು ಕೂಡದಿದ್ದರೆ ನೀರಿನ ಲೆಕ್ಕವನ್ನೇ ಹಿಡಿಯಿರಿ, ಹೂವಿನದ್ದು ಎರಡನೆಯದು. ಸುಟ್ಟರೆ ಮೇಲಿನದು ಬೂದಿ, ಒದ್ದೆ ಕೆಸರಿನೊಳಗಿನ ಗೆಡ್ಡೆಗೆ ಬಿಸಿ ತಟ್ಟುವುದೇ ಇಲ್ಲ.

ನೀರಂಚು:
ಜೆಸಿಬಿ ಕೆಲಸ ಯಾಕೆ ಕೆಟ್ಟಿತು ಎಂಬುದಕ್ಕೆ ಎರಡು ಕಾರಣ. ಬಕೆಟ್ಟಿನಲ್ಲಿ ತುಂಡಾದ ಗೆಡ್ಡೆಯಲ್ಲಿ ಮೊಗ್ಗಿದ್ದರೆ ಸಾಕು, ಪ್ರತಿ ತುಂಡೂ ಹೊಸ ಗಿಡ. ಜೊತೆಗೆ ಒಂದು ತೆನೆಯಲ್ಲಿ ಲಕ್ಷಕ್ಕೂ ಹೆಚ್ಚು ಬೀಜ ಇರಬಲ್ಲದು, ಹತ್ತಿಯಂಥ ಕೂದಲಿನಿಂದ ಗಾಳಿಗೆ ಹಾರುತ್ತವೆ. ಅವಕ್ಕೆ ಬೇಕಾದ್ದು ಬೆಳಕು ಬೀಳುವ, ಒದ್ದೆಯಾದ ಬೋಳು ಕೆಸರು. ಅದನ್ನೇ ನೀವು ಹದ ಮಾಡಿಕೊಟ್ಟಂತಾಯಿತು. ನೀರು ಇಳಿದಾಗ ಹೂಳಿನ ಮೇಲೆ ಹುಲ್ಲಿನಂಥ ಸಸಿ ಕಂಡರೆ ಕೈಯಲ್ಲೇ ಕೀಳಿ, ಗೆಡ್ಡೆ ಹರಿಯುವ ಮೊದಲು ಅದು ಸಲೀಸು.

ಹಳ್ಳ ಸೇರುವ ಕಡೆಯೇ ದಟ್ಟವಾಗಿದೆ ಎಂದಿರಿ. ಹೂಳು ಅಲ್ಲೇ ನಿಂತು ಆಳ ಕಡಿಮೆಯಾಗುತ್ತದೆ, ಊರ ಬಚ್ಚಲು ನೀರು, ಹೊಲದ ಗೊಬ್ಬರದ ಸಾರಜನಕ, ರಂಜಕ ಮೊದಲು ಮುಟ್ಟುವುದೂ ಅಲ್ಲೇ. ಆ ಮೂಲೆಯ ಜೊಂಡು ಹೂಳನ್ನು ತಡೆದು ಸಾರವನ್ನು ಹೀರುತ್ತಿದೆ, ದಯವಿಟ್ಟು ಅದನ್ನು ಉಳಿಸಿ. ವರ್ಷಕ್ಕೊಮ್ಮೆ ಸೊಪ್ಪನ್ನು ಮಾತ್ರ ಕೊಯ್ದು ಹೊರಗೆ ಸಾಗಿಸಿದರೆ ಹೀರಿದ ಸಾರವೂ ಕೆರೆಯಿಂದ ಹೊರಬೀಳುತ್ತದೆ. ತೂಬಿನ ಕಡೆಯದನ್ನು ನೀರಿನಡಿ ಕೊಯ್ದು ತೆಗೆಯಿರಿ. ಅಲ್ಲಿ ಹೂಳೆತ್ತಿ ನಾಲ್ಕೈದು ಅಡಿ ನೀರು ಸದಾ ನಿಲ್ಲುವಂತಾದರೆ ಜೊಂಡು ಮತ್ತೆ ನೆಲೆಯೂರುವುದು ಕಷ್ಟ.

ಜಂಬುಕೋಳಿ ಗೂಡು ನೀರಿಗಿಂತ ಸ್ವಲ್ಪವೇ ಮೇಲೆ, ಜೊಂಡನ್ನೇ ಬಗ್ಗಿಸಿ ಕಟ್ಟಿದ ತಟ್ಟೆ. ಕೊಯ್ಯುವ ಮೊದಲು ಪ್ರತಿ ಪೊದೆಯನ್ನೂ ಕೋಲಿನಿಂದ ಸರಿಸಿ ನೋಡಿ, ಮೊಟ್ಟೆ ಕಂಡರೆ ಸುತ್ತ ಹತ್ತಡಿ ಬಿಟ್ಟುಬಿಡಿ.

ಕೊಯ್ದದ್ದನ್ನು ನೀರಿನಲ್ಲೇ ಬಿಡಬೇಡಿ. ಕೊಳೆತು ಆಮ್ಲಜನಕ ಎಳೆದು ಮೀನು ಸಾಯುತ್ತದೆ. ದಡಕ್ಕೆ ಎಳೆದು, ತೆನೆ ಇದ್ದರೆ ಮುರಿದು ಗೋಣಿಚೀಲಕ್ಕೆ ತುಂಬಿ, ಉಳಿದದ್ದನ್ನು ಗೇಣುದ್ದ ಕತ್ತರಿಸಿ ಸಗಣಿ ಬಗ್ಗಡದ ಜೊತೆ ಪದರ ಪದರವಾಗಿ ತಿಪ್ಪೆಗೆ ಹಾಕಿ. ಉದ್ದಕ್ಕೇ ಹಾಕಿದರೆ ಬೇಗ ಕಳಿಯುವುದಿಲ್ಲ.