ತುಮಕೂರಿನಿಂದ ಹುಬ್ಬಳ್ಳಿಗೆ ವಿಮಾನ ಲಾಭವೇ?

ಪ್ರಶ್ನೆ: ಬೆಂಗಳೂರಿನಿಂದ ಹಾರಾಟ ಸುಮಾರು ಒಂದೇ ಗಂಟೆ. ತುಮಕೂರಿನವರಿಗೆ ಸಮಯ ಉಳಿಯುತ್ತದೆಯೇ?

ಉತ್ತರ 1: ಹುಬ್ಬಳ್ಳಿಗಾದರೆ ರೈಲೇ ವಾಸಿ ಸಾರ್, ನಮ್ಮೂರಲ್ಲೇ ಹತ್ತಬಹುದು. ವಿಮಾನಕ್ಕೆ ಮೊದಲು ದೇವನಹಳ್ಳಿಯ ಬೆಂಗಳೂರು ವಿಮಾನ ನಿಲ್ದಾಣ ಮುಟ್ಟಬೇಕು. ಬೆಂಗಳೂರಿನೊಳಗೆ ನುಗ್ಗಬೇಡಿ, ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ಹೋಗಿ. ಲಗೇಜ್ ಕೌಂಟರ್ ಸಾಮಾನ್ಯವಾಗಿ ಹೊರಡುವುದಕ್ಕೆ 60 ನಿಮಿಷ ಮೊದಲೇ ಮುಚ್ಚುತ್ತದೆ. ಎರಡು ಗಂಟೆ ಮುಂಚೆ ಅಲ್ಲಿರಿ. ಟರ್ಮಿನಲ್ ಒಂದೋ ಎರಡೋ, ಟಿಕೆಟ್‌ನಲ್ಲೇ ನೋಡಿಕೊಳ್ಳಿ.

ಉತ್ತರ 2: ಎಟಿಆರ್ 72 (ರೆಕ್ಕೆಯಲ್ಲಿ ಫ್ಯಾನ್ ತಿರುಗುವ ಚಿಕ್ಕ ವಿಮಾನ) ಆದರೆ ತಲೆಮೇಲಿನ ಖಾನೆ ಚಿಕ್ಕದು. ದೊಡ್ಡ ಕೈಚೀಲವನ್ನು ವಿಮಾನದ ಬಾಗಿಲಲ್ಲೇ ತೆಗೆದುಕೊಂಡು ಲಗೇಜ್ ಜಾಗದಲ್ಲಿ ಇಡುತ್ತಾರೆ. ಔಷಧಿ, ಪವರ್‌ಬ್ಯಾಂಕ್ ಮೊದಲೇ ಹೊರತೆಗೆಯಿರಿ, ಇದು ಮುಖ್ಯ.

ಉತ್ತರ 3: ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಮೊದಲ ವಿಮಾನ ಬೇಡ. ದೇವನಹಳ್ಳಿ ಮಂಜಿಗೆ ರನ್‌ವೇ ಕಾಣದೆ ತಡವಾಗುತ್ತದೆ. ಅದೇ ವಿಮಾನ ಹೋಗಿ ಬಂದು ಓಡುವುದರಿಂದ ಮಧ್ಯಾಹ್ನದ ಸರದಿಯೂ ಜಾರಬಹುದು.