ಏಳು ಸುತ್ತಿನ ಕೋಟೆ, ಎರಡು ಲೀಟರ್ ನೀರು

ಭಟ್ಟರು: ಚಿತ್ರದುರ್ಗದ್ದು ಏಳು ಸುತ್ತಿನ ಕೋಟೆ ಅಂತೀರಲ್ಲ, ಏಳೂ ಸುತ್ತು ನಾನು ಸುತ್ತಬೇಕಾ ಮೇಷ್ಟ್ರೇ?

ಮೇಷ್ಟ್ರು: ಕೆಳಗಿನ ಮೂರು ಸುತ್ತನ್ನ ಊರೇ ನುಂಗಿದೆ. ರಂಗಯ್ಯನ ಬಾಗಿಲು ದಾಟಿದಾಗಲೇ ನೀವು ಕೋಟೆಯೊಳಗೆ ಬಂದಂಗೆ. ಉಳಿದ ನಾಲ್ಕು ಸುತ್ತು ಬೆಟ್ಟದ ಮೇಲೆ, ಅದಕ್ಕೆ ಕಾಲು ಬೇಕು.

ಭಟ್ಟರು: ತಿಂಡಿ ಗಡದ್ದಾಗಿ ಮುಗಿಸಿ ಹನ್ನೊಂದಕ್ಕೆ ಹತ್ತೋಣ.

ಮೇಸ್ತ್ರಿ: ಹನ್ನೊಂದಕ್ಕೆ ಆ ಬಂಡೆ ಮೇಲೆ ದೋಸೆ ಹುಯ್ಯಬಹುದು, ನೀವೇ ಹಿಟ್ಟು! ಬೆಳಿಗ್ಗೆ ಬೇಗ ಹತ್ತಬೇಕು, ಸುತ್ತೋಕೆ ಮೂರು ಗಂಟೆ ಹೊತ್ತು ಇಟ್ಕೊಳ್ಳಿ. ತಲೆಗೆ ಎರಡು ಲೀಟರ್ ನೀರು. ಸವೆದ ಅಟ್ಟೆಯ ಚಪ್ಪಲಿ ಬೇಡ, ಹನಿ ಬಿದ್ರೆ ಬಂಡೆ ಜಾರುತ್ತೆ. ಕೈಯಲ್ಲಿ ಚಿಪ್ಸ್ ಪೊಟ್ಟಣ ಕಂಡ್ರೆ ಕೋತಿಗಳು ಸುಂಕ ವಸೂಲಿ ಮಾಡ್ತವೆ.

ಭಟ್ಟರು: ಬಾಗಿಲಿಂದ ಬಾಗಿಲಿಗೆ ದಾರಿ ಬರೀ ಸೊಟ್ಟ ಅಂತೆ. ನಾಯಕರ ಕಾಲದ ಮೇಸ್ತ್ರಿಗಳಿಗೆ ದಾರ ಹಿಡಿಯೋಕೆ ಬರ್ತಿರಲಿಲ್ವಾ?

ಮೇಸ್ತ್ರಿ: ದಾರ ಹಿಡಿದೇ ಸೊಟ್ಟ ಮಾಡಿರೋದು! ದಾರಿ ನೆಟ್ಟಗಿದ್ರೆ ಆನೆ ದೂರದಿಂದ ಓಡಿಬಂದು ಕದಕ್ಕೆ ಗುದ್ದುತ್ತೆ. ಕದದ ಮುಂದೆಯೇ ತಿರುವಿದ್ರೆ ಓಟಕ್ಕೆ ಜಾಗ ಎಲ್ಲಿ? ತಿರುವಲ್ಲಿ ಸಿಕ್ಕಿಬಿದ್ದವನಿಗೆ ಗೋಡೆ ಮೇಲಿಂದ ಎರಡೂ ಕಡೆ ಏಟು. ಆ ಗೋಡೆಗೆ ಗಾರೆಯೂ ಇಲ್ಲ ಸ್ವಾಮಿ, ಕಲ್ಲಿಗೆ ಕಲ್ಲು ಕಡೆದು ಕೂರಿಸಿದ್ದು. ಈಗಿನ ಕಾಂಪೌಂಡು ಎರಡು ಮಳೆಗೆ ಬಿರುಕು ಬಿಡುತ್ತೆ.

ಮೇಷ್ಟ್ರು: ಗೋಡೆ ಹಾಗಿರ್ಲಿ, ನೀರು ನೋಡಿ. ಗೋಪಾಲಸ್ವಾಮಿ ಹೊಂಡ ತುಂಬಿದ್ರೆ ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರಿನ ಸಂತೆ ಹೊಂಡಕ್ಕೆ. ಪಂಪಿಲ್ಲ, ಕರೆಂಟಿಲ್ಲ, ಬರೀ ಇಳಿಜಾರು. ಮುತ್ತಿಗೆ ಹಾಕಿದವನಿಗೆ ಬಾಯಾರಬೇಕು, ಒಳಗಿದ್ದವರಿಗಲ್ಲ.

ಮೇಸ್ತ್ರಿ: ಭಟ್ರಿಗೆ ಸಿಡಿಮದ್ದು ಅರೆಯೋ ಬೀಸುಕಲ್ಲು ತೋರಿಸಿ. ಗುಂಡಿಯೊಳಗೆ ನಾಲ್ಕಿವೆ, ಒಂದೊಂದೂ ರಾಕ್ಷಸನಂಥವು.

ಭಟ್ಟರು: ಮದುವೆ ಮನೆಗೆ ಒಂದು ಸಿಕ್ಕಿದ್ರೆ... ಅಲ್ಲಾ, ಇಷ್ಟೆಲ್ಲಾ ಇದ್ದೂ 1779ರಲ್ಲಿ ಹೈದರಾಲಿ ಕೈಗೆ ಹೋಯ್ತಲ್ಲ?

ಮೇಷ್ಟ್ರು: ಒಳಗಿನವರೇ ಕೆಲವರು ಕೈಕೊಟ್ರು. ಅದಕ್ಕೆ ಯಾವ ಮೇಸ್ತ್ರಿ ತಿರುವು ಹಾಕ್ತಾನೆ? ಮದಕರಿ ನಾಯಕ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ.

ಭಟ್ಟರು: ಸರಿ, ಓಬವ್ವನ ಕಿಂಡಿ ನೋಡಿ ಇಳಿದುಬಿಡೋಣ.

ಮೇಷ್ಟ್ರು: ನೋಡೋದಲ್ಲ, ನುಸುಳೋದು! ಒಬ್ಬೊಬ್ಬರೇ, ತಲೆ ಬಗ್ಗಿಸಿ. ಓಬವ್ವನ ಕಥೆಯ ಗುಟ್ಟೇ ಅದು: ಕಿಂಡಿಯಿಂದ ಮೊದಲು ಬರೋದು ತಲೆ, ಕತ್ತಿ ಬೀಸೋಕೆ ಜಾಗ ಇಲ್ಲ. ಒನಕೆಗೆ ಅಷ್ಟೇ ಸಾಕು.

ಮೇಸ್ತ್ರಿ: ಭಟ್ರನ್ನ ಕಿಂಡಿಗೆ ಅಡ್ಡ ಇಟ್ಟಿದ್ರೆ ಒನಕೆಯೂ ಬೇಕಿರಲಿಲ್ಲ.

ಭಟ್ಟರು: ಹಂಗಾದ್ರೆ ಬೆಳಿಗ್ಗೆ ತಿಂಡಿ ಕ್ಯಾನ್ಸಲ್. ಎರಡೇ ಇಡ್ಲಿ.