ಡೆರೆಕ್ ಜಾಕೋಬಿ: ಕಿರುತೆರೆಯ ಕೀರ್ತಿಯೂ ರಂಗದ ಭಯವೂ

ಪ್ರಶ್ನೆ (ಹವ್ಯಾಸಿ ನಟ):

ಬಿಬಿಸಿಯ 1976ರ ‘ಐ, ಕ್ಲಾಡಿಯಸ್’ ಧಾರಾವಾಹಿಯನ್ನು ಕಳೆದ ತಿಂಗಳು ಮೊದಲ ಬಾರಿಗೆ ಪೂರ್ತಿಯಾಗಿ ನೋಡಿದೆ. ತೊದಲುವ, ಕುಂಟುವ, ಮನೆಯವರೆಲ್ಲ ದಡ್ಡನೆಂದೇ ಬಗೆದ ಕ್ಲಾಡಿಯಸ್ ಕೊನೆಗೆ ರೋಮಿನ ಚಕ್ರವರ್ತಿಯಾಗುವುದನ್ನು ಬ್ರಿಟಿಷ್ ನಟ ಡೆರೆಕ್ ಜಾಕೋಬಿಯವರು ಅಭಿನಯಿಸಿದ ರೀತಿ ಇನ್ನೂ ಕಣ್ಣಮುಂದಿದೆ. ಆ ಪಾತ್ರಕ್ಕೆ ಬಾಫ್ಟಾ ಪ್ರಶಸ್ತಿ ಪಡೆದು ಮನೆಮಾತಾದ ಕೆಲವೇ ವರ್ಷಗಳಲ್ಲಿ ಅವರು ವೇದಿಕೆಗೆ ಹೆದರಿ ಸುಮಾರು ಎರಡು ವರ್ಷ ನಾಟಕವಾಡಲಿಲ್ಲ ಎಂದು ಓದಿದೆ. ಕಿರುತೆರೆಯ ಹೆಸರು ಅವರನ್ನು ರಂಗಭೂಮಿಯಿಂದ ದೂರ ಮಾಡಿತೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಹಳೆಯ ಪ್ರೇಕ್ಷಕಿ):

ಹಾಗೆ ಹೇಳಲಾಗದು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಕ್ಲಾಡಿಯಸ್ ಪಾತ್ರವೇ ರಂಗಭೂಮಿಯ ಕೂಸು. ಜಾಕೋಬಿಯವರು ಹುಟ್ಟಿದ್ದು 1938ರ ಅಕ್ಟೋಬರ್ 22ರಂದು, ಪೂರ್ವ ಲಂಡನ್ನಿನ ಲೇಟನ್‌ಸ್ಟೋನಿನಲ್ಲಿ. ಕೇಂಬ್ರಿಡ್ಜ್‌ನಲ್ಲಿ ಇತಿಹಾಸ ಓದಿ ಬರ್ಮಿಂಗ್‌ಹ್ಯಾಮ್ ರೆಪರ್ಟರಿ ನಾಟಕ ತಂಡವನ್ನು ಸೇರಿದ ಅವರನ್ನು ಹೆಸರಾಂತ ನಟ, ನಿರ್ದೇಶಕ ಲಾರೆನ್ಸ್ ಒಲಿವಿಯೆ ಗುರುತಿಸಿ, ತಾವು ಕಟ್ಟುತ್ತಿದ್ದ ನ್ಯಾಷನಲ್ ಥಿಯೇಟರಿಗೆ ಕರೆದುಕೊಂಡರು. ಆ ಸಂಸ್ಥೆಯ ಮೊತ್ತಮೊದಲ ನಾಟಕ ‘ಹ್ಯಾಮ್ಲೆಟ್’ ಓಲ್ಡ್ ವಿಕ್ ರಂಗಮಂದಿರದಲ್ಲಿ ತೆರೆ ಕಂಡದ್ದು 1963ರ ಅಕ್ಟೋಬರ್ 22ರಂದು. ತಮ್ಮ ಇಪ್ಪತ್ತೈದನೆಯ ಹುಟ್ಟುಹಬ್ಬದ ಆ ಸಂಜೆ ಅವರು ಪೀಟರ್ ಓಟೂಲರ ಹ್ಯಾಮ್ಲೆಟ್‌ನ ಎದುರು ಲೇರ್ಟಿಸ್ ಆಗಿ ನಿಂತಿದ್ದರು.

ಕ್ಲಾಡಿಯಸ್ ಒಪ್ಪಿಕೊಳ್ಳುವ ಹೊತ್ತಿಗೆ ಅವರ ಬೆನ್ನಿಗೆ ಹದಿನೈದು ವರ್ಷಗಳ ನಾಟಕದ ಅನುಭವವಿತ್ತು. ಆ ಧಾರಾವಾಹಿಯಲ್ಲಿ ಹೊರಾಂಗಣವೇ ಇಲ್ಲದಿರುವುದನ್ನು ತಾವು ಗಮನಿಸಿರಬಹುದು. ಅಖಾಡದ ಕಾಳಗವನ್ನು ಸಹ ನೋಡುವವರ ಮುಖದಲ್ಲಿ ಮತ್ತು ಜನರ ಕೂಗಿನಲ್ಲಿ ಮಾತ್ರ ಕಾಣಿಸುತ್ತಾರೆ. ಲಂಡನ್ನಿನ ಸ್ಟುಡಿಯೋದೊಳಗೆ, ಮೊದಲೇ ತಾಲೀಮು ಮಾಡಿ, ಹಲವು ಕ್ಯಾಮೆರಾಗಳ ಮುಂದೆ ದೀರ್ಘ ದೃಶ್ಯಗಳನ್ನು ಅಭಿನಯಿಸುವ ಅಂದಿನ ಪದ್ಧತಿ ನಾಟಕಕ್ಕೆ ಬಹಳ ಹತ್ತಿರದ್ದಾಗಿತ್ತು. ಹುಡುಗನಿಂದ ಮುದುಕನವರೆಗೆ ಒಂದೇ ದೇಹ ಸಾಗಬೇಕಾದ ಪಾತ್ರವದು. ತೊದಲು ಎಲ್ಲ ಕಡೆ ಒಂದೇ ಅಳತೆಯಲ್ಲಿ ಇಲ್ಲ ಎಂಬುದನ್ನು ಇನ್ನೊಮ್ಮೆ ನೋಡಿದರೆ ಕಾಣಬಹುದು: ಅಜ್ಜಿ ಲಿವಿಯಾಳ ಎದುರು ಗಂಟಲೇ ಕಟ್ಟುತ್ತದೆ, ಒಬ್ಬನೇ ಕುಳಿತು ತನ್ನ ಚರಿತ್ರೆ ಬರೆಯುವ ಮುದುಕನ ಮಾತು ಸರಾಗವಾಗಿ ಹರಿಯುತ್ತದೆ.

ಉತ್ತರ 2 (ನೇಪಥ್ಯ):

ಭಯದ ಬಗ್ಗೆ ಬರೆಯುತ್ತೇನೆ, ಏಕೆಂದರೆ ಅದು ನನ್ನನ್ನೂ ಕಾಡಿದೆ. ಹತ್ತು ಪ್ರದರ್ಶನ ಕಂಡಿದ್ದ ನಾಟಕವೊಂದರಲ್ಲಿ, ನಾಲಿಗೆಯ ತುದಿಯಲ್ಲಿದ್ದ ಮಾತು ಒಮ್ಮೆ ಹಾಗೆಯೇ ಮಾಯವಾಯಿತು. ಸೈಡ್ ವಿಂಗಿನಿಂದ ಗೆಳೆಯ ಎತ್ತಿಕೊಟ್ಟ ಸಾಲೂ ಕಿವಿಗೆ ಬೀಳಲಿಲ್ಲ. ಜಾಕೋಬಿಯವರಿಗೆ ಇದು ಆದದ್ದು ದೇಶವಿದೇಶಗಳಲ್ಲಿ ನೂರಾರು ಬಾರಿ ಆಡಿದ್ದ ಹ್ಯಾಮ್ಲೆಟ್ ಪಾತ್ರದಲ್ಲಿ, ಅದೂ ‘ಇರುವುದೋ, ಇಲ್ಲವಾಗುವುದೋ’ ಎಂಬ ಜಗತ್ತಿಗೇ ಗೊತ್ತಿರುವ ಸ್ವಗತದ ಹೊತ್ತಿನಲ್ಲಿ. ಮರೆತರೇನು ಗತಿ ಎಂಬ ಯೋಚನೆ ಬಂದಿತು, ಅದರ ಹಿಂದೆಯೇ ಮಾತು ನಿಂತಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಹೊಸ ಪಾತ್ರದಲ್ಲಿ ಮರೆತರೆ ತಾಲೀಮು ಸಾಲದೆಂದು ಸಮಾಧಾನ ಮಾಡಿಕೊಳ್ಳಬಹುದು, ರಕ್ತಗತವಾದ ಸಾಲು ಕೈಕೊಟ್ಟರೆ ಯಾವುದನ್ನು ನಂಬುವುದು?

ಆದ್ದರಿಂದ ಕಿರುತೆರೆ ಅವರನ್ನು ಸೆಳೆದುಕೊಂಡಿತು ಎನ್ನುವುದಕ್ಕಿಂತ ಆಸರೆಯಾಯಿತು ಎನ್ನುವುದೇ ನ್ಯಾಯ. ಆ ಕಾಲದಲ್ಲಿ ಅವರು ಕ್ಯಾಮೆರಾದ ಮುಂದೆ ಹಿಟ್ಲರನ ಪಾತ್ರವನ್ನೂ ಮಾಡಿದರು. ಮತ್ತೆ ವೇದಿಕೆಗೆ ತಂದದ್ದು 1982ರಲ್ಲಿ ರಾಯಲ್ ಷೇಕ್ಸ್‌ಪಿಯರ್ ಕಂಪನಿಯ ಕರೆ. ಈಗ ಒಲ್ಲೆ ಎಂದರೆ ಇನ್ನೆಂದೂ ರಂಗ ಹತ್ತಲಾರೆ ಎಂದು ಮನಗಂಡು ಒಪ್ಪಿಕೊಂಡರು. ಒಪ್ಪಿದ್ದಾದರೂ ಒಂದೇ ಪಾತ್ರವನ್ನೇ? ಷೇಕ್ಸ್‌ಪಿಯರನ ಬೆನೆಡಿಕ್ ಮತ್ತು ಪ್ರಾಸ್ಪೆರೊ, ಇಬ್ಸೆನ್ನನ ಪೀರ್ ಗಿಂಟ್, ರೋಸ್ತಾನನ ಸಿರಾನೊ! ಬೆನೆಡಿಕ್ ಪಾತ್ರ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಗೂ ಹೋಗಿ 1985ರಲ್ಲಿ ಟೋನಿ ಪ್ರಶಸ್ತಿ ತಂದುಕೊಟ್ಟಿತು. ಮಾತು ಕಟ್ಟಿದ ಭಯವನ್ನು ಅನುಭವಿಸಿದ ನಟ, ಮರುವರ್ಷವೇ ‘ಬ್ರೇಕಿಂಗ್ ದ ಕೋಡ್’ ನಾಟಕದಲ್ಲಿ ಗಣಿತಜ್ಞ ಅಲನ್ ಟ್ಯೂರಿಂಗ್ ಆಗಿ ಮತ್ತೊಮ್ಮೆ ತೊದಲುವ ಪಾತ್ರವನ್ನು ವಹಿಸಿದ್ದು ನನಗೆ ಬಹು ದೊಡ್ಡ ಧೈರ್ಯವಾಗಿ ಕಾಣುತ್ತದೆ.

ಉತ್ತರ 3 (ಗ್ಯಾಲರಿ ಸೀಟು):

ಮೇಲಿನ ಇಬ್ಬರೂ ಸರಿಯಾಗಿ ಹೇಳಿದ್ದಾರೆ. ಕಿರುತೆರೆಯಲ್ಲಿ ಅವರು ಮುಂದೆಯೂ ದುಡಿದರು: 1994ರಿಂದ 98ರವರೆಗೆ ಮಧ್ಯಯುಗದ ಸನ್ಯಾಸಿ ಪತ್ತೇದಾರ ಕ್ಯಾಡ್‌ಫೆಲ್, ಎಪ್ಪತ್ತು ದಾಟಿದ ಮೇಲೆ ‘ಲಾಸ್ಟ್ ಟ್ಯಾಂಗೊ ಇನ್ ಹ್ಯಾಲಿಫ್ಯಾಕ್ಸ್’. ಆದರೆ ನಾನು ಸೇರಿಸಬೇಕೆಂದಿರುವುದು 2010ರ ‘ಕಿಂಗ್ ಲಿಯರ್’ ಬಗ್ಗೆ.

ಮೈಕೆಲ್ ಗ್ರ್ಯಾಂಡೇಜ್ ನಿರ್ದೇಶಿಸಿದ ಆ ನಾಟಕ ನಡೆದದ್ದು ಇನ್ನೂರೈವತ್ತು ಜನ ಮಾತ್ರ ಹಿಡಿಯುವ, ಲಂಡನ್ನಿನ ಡಾನ್ಮಾರ್ ವೇರ್‌ಹೌಸ್ ರಂಗಮಂದಿರದಲ್ಲಿ. ಬಿರುಗಾಳಿಯ ದೃಶ್ಯದಲ್ಲಿ ಲಿಯರ್ ಪಾತ್ರಧಾರಿಗಳು ಗುಡುಗಿನೊಂದಿಗೆ ಜಿದ್ದಿಗೆ ಬಿದ್ದಂತೆ ಕೂಗುವುದು ವಾಡಿಕೆ. ಇಲ್ಲಿ ಗಾಳಿ, ಗುಡುಗುಗಳೆಲ್ಲ ಥಟ್ಟನೆ ನಿಂತು, ‘ಬೀಸು, ಗಾಳಿಯೇ’ ಎಂಬ ಆ ಮಾತುಗಳನ್ನು ಜಾಕೋಬಿಯವರು ಪಿಸುದನಿಯಲ್ಲಿ, ತಮಗೆ ತಾವೇ ಹೇಳಿಕೊಳ್ಳುವಂತೆ ನುಡಿದರು. ಬಿರುಗಾಳಿ ಮುದುಕನ ತಲೆಯೊಳಗೆ ಎದ್ದಿತ್ತು. 2011ರ ಫೆಬ್ರುವರಿಯಲ್ಲಿ ನ್ಯಾಷನಲ್ ಥಿಯೇಟರ್ ಆ ಪ್ರದರ್ಶನವನ್ನು ಚಿತ್ರಮಂದಿರಗಳಿಗೆ ನೇರಪ್ರಸಾರ ಮಾಡಿತು. ಕ್ಯಾಮೆರಾದ ಎದುರು ಕಲಿತ ಸಣ್ಣ ದನಿಯನ್ನು ಅವರು ವೇದಿಕೆಗೆ ಮರಳಿ ತಂದರೆಂದೇ ನಾನು ತಿಳಿದಿದ್ದೇನೆ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಕೃತಜ್ಞ. ಲಿವಿಯಾಳ ಎದುರಿನ ದೃಶ್ಯಗಳನ್ನು ಈಗಷ್ಟೇ ಮತ್ತೆ ಹಾಕಿ ನೋಡಿದೆ. ಮಾತು ತಡೆಯುವ ಮೊದಲೇ ಅವರ ಕತ್ತು ಒಂದು ಬದಿಗೆ ಸಣ್ಣಗೆ ಅದುರುತ್ತದೆ. ಮೊದಲ ಸಲ ನೋಡಿದಾಗ ಇದು ನನ್ನ ಗಮನಕ್ಕೆ ಬಂದಿರಲಿಲ್ಲ.